ಎತ್ತೋದು ಬೇರೆ, ಹೊರೋದು ಬೇರೆ

ನಾವು ದಿನಾ ಬಳಸೋ ‘ಸ್ಟೆಪ್ನಿ’ ಅನ್ನೋ ಪದವನ್ನ ಇವತ್ತು ಲಂಡನ್ನಿನ ಟೈರ್ ಅಂಗಡಿಯಲ್ಲಿ ಹೇಳಿದರೆ, ಅವರು ನಿಮಗೆ ಸ್ಟೆಪ್ನಿ ಅನ್ನೋ ಬಡಾವಣೆಗೆ ದಾರಿ ತೋರಿಸಬಹುದು. ಅವರ ಬಾಯಲ್ಲಿ ಅದು ಸ್ಪೇರ್ ವೀಲ್. ಪದ ಉಳಿದುಕೊಂಡಿರೋದು ನಮ್ಮಂಥ ದೂರದ ದೇಶಗಳಲ್ಲಿ. ಬ್ರೆಜಿಲ್‌ನಲ್ಲೂ ಅದು ‘ಎಸ್ಟೆಪಿ’ ಆಗಿ ಬದುಕಿದೆ. ಇದರ ಮೂಲ ವೇಲ್ಸ್‌ನ ದಕ್ಷಿಣದಲ್ಲಿರುವ ಲನೆಲ್ಲಿ ಅನ್ನೋ ಊರು, ಅಲ್ಲಿನ ಸ್ಟೆಪ್ನಿ ಸ್ಟ್ರೀಟ್. ಥಾಮಸ್ ಮತ್ತು ವಾಲ್ಟರ್ ಡೇವಿಸ್ ಅನ್ನೋ ಅಣ್ಣತಮ್ಮಂದಿರು 1904ರ ಹೊತ್ತಿಗೆ ಅಲ್ಲಿ ಒಂದು ಹೊಸ ಸಾಮಾನು ತಯಾರಿಸಿದರು. ಕಡ್ಡಿಗಳಿಲ್ಲದ ಬರೀ ರಿಮ್, ಅದರ ಮೇಲೆ ಮೊದಲೇ ಗಾಳಿ ತುಂಬಿಸಿದ ಟೈರ್. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನ ಕ್ಲ್ಯಾಂಪ್ ಹಾಕಿ ಬಿಗಿದರೆ ಸಾಕು, ಗಾಡಿ ಮುಂದಕ್ಕೆ ಹೋಗುತ್ತಿತ್ತು.

ಅಲ್ಲಿಯವರೆಗೆ ಕಾರಿನವರ ಪಾಡು ಏನಿತ್ತು ಅಂತ ಊಹಿಸಿಕೊಳ್ಳಿ. ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ರಸ್ತೆಗಳು ಇನ್ನೂ ಕುದುರೆಗಳದ್ದೇ, ಲಾಳದ ಮೊಳೆ ಎಲ್ಲೆಂದರಲ್ಲಿ. 1895ರ ಪ್ಯಾರಿಸ್-ಬೋರ್ಡೋ ರೇಸಿಗೆ ಮಿಶೆಲಿನ್ ಸೋದರರು ಗಾಳಿ ಟೈರಿನ ಕಾರು ಇಳಿಸಿದಾಗ, ದಾರಿಯುದ್ದಕ್ಕೂ ಪಂಕ್ಚರ್ ಹಾಕೋದೇ ಅವರ ಕೆಲಸವಾಯ್ತು. ಸ್ಪೇರ್ ಚಕ್ರ ಅನ್ನೋದು ಬಂದ ಮೇಲೆ ಆ ಕೆಲಸ ಕೆಲವೇ ನಿಮಿಷಕ್ಕೆ ಇಳಿಯಿತು.

ನಿಮ್ಮ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕದಲ್ಲಿ ಮಲಗಿರೋ ಸಿಸರ್ ಜಾಕ್ ಇದೇ ವಂಶದ್ದು. ಅದನ್ನ ಮಾಡಿರೋದು ಒಂದೇ ಕೆಲಸಕ್ಕೆ: ಒಂದು ಮೂಲೆ ಎತ್ತಬೇಕು, ಚಕ್ರ ಬಿಚ್ಚಬೇಕು, ಇನ್ನೊಂದು ಹಾಕಬೇಕು, ಇಳಿಸಬೇಕು. ಈ ಹೊತ್ತಿನಲ್ಲಿ ಯಾರೂ ಕಾರಿನ ಕೆಳಗೆ ಹೋಗಲ್ಲ ಅನ್ನೋದು ಅದರ ವಿನ್ಯಾಸದಲ್ಲೇ ಇರುವ ಷರತ್ತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, 2020ರ ಲಾಕ್‌ಡೌನ್‌ನಲ್ಲಿ ಸರ್ವಿಸ್ ಸೆಂಟರ್‌ಗಳೆಲ್ಲ ಬಾಗಿಲು ಹಾಕಿದ್ದಾಗ ನಾನು ಮನೆಯಲ್ಲೇ ಕಾರಿನ ಆಯಿಲ್ ಬದಲಿಸೋಕೆ ಶುರು ಮಾಡಿದೆ. ಆಮೇಲೆ ಅದು ಬಿಡದ ಚಟ ಆಯ್ತು. ಆಫೀಸಿನ ಗೆಳೆಯರಲ್ಲೂ ಮೂರ್ನಾಲ್ಕು ಜನ ಯೂಟ್ಯೂಬ್ ನೋಡಿಕೊಂಡು ಇದೇ ಹಾದಿಗೆ ಬಂದಿದ್ದಾರೆ. ಅವರೆಲ್ಲ ಕೇಳೋದು ಒಂದೇ ಪ್ರಶ್ನೆ: “ಡಿಕ್ಕಿಯಲ್ಲಿ ಜಾಕ್ ಇದೆಯಲ್ಲ, ಮತ್ತೆ ಸ್ಟ್ಯಾಂಡ್ ಯಾಕೆ ದುಡ್ಡು ಕೊಟ್ಟು ತಗೋಬೇಕು?” ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು. ಆದರೆ ಆ ಸಾಲಿನ ಹಿಂದೆ ಒಂದು ಒಳ್ಳೆ ಚರಿತ್ರೆ ಇದೆ. ಅದು ಗೊತ್ತಿದ್ದರೆ ಸಾಲು ಮರೆಯಲ್ಲ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ಇಂಗ್ಲಿಷಿನಲ್ಲಿ ಜಾಕ್ ಅನ್ನೋದು ಒಬ್ಬ ಮಾಮೂಲಿ ಹುಡುಗನ ಹೆಸರು. ನಮ್ಮ ಹಳೇ ಹೋಟೆಲುಗಳಲ್ಲಿ ಯಾವ ಹುಡುಗ ಬಂದರೂ ‘ಮಾಣಿ’ ಅಂತ ಕರೀತಿದ್ದರಲ್ಲ, ಹಾಗೆ ಅಲ್ಲಿ ಕೆಲಸದ ಆಳುಗಳಿಗೆಲ್ಲ ಜಾಕ್. ಆಮೇಲೆ ಆಳು ಮಾಡೋ ಕೆಲಸವನ್ನ ಯಾವ ಸಾಧನ ಮಾಡಿದರೂ ಅದಕ್ಕೆ ಅದೇ ಹೆಸರು ಬಂತು. ಬೂಟು ಕಳಚೋ ಮರದ ತುಂಡು ಬೂಟ್‌ಜಾಕ್. ಒಲೆಯ ಮುಂದೆ ಮಾಂಸದ ಸಲಾಕೆ ತಿರುಗಿಸೋ ಯಂತ್ರವೂ ಜಾಕ್. ಭಾರ ಎತ್ತೋ ಯಂತ್ರ ಕೂಡ ಅಂಥದೇ ಇನ್ನೊಬ್ಬ ಹುಡುಗ. ‘ಸ್ವಲ್ಪ ಎತ್ತಿ ಹಿಡ್ಕೋ’ ಅಂದರೆ ಹುಡುಗ ಎತ್ತಿ ಹಿಡೀತಾನೆ. ‘ಹೀಗೇ ಹಿಡ್ಕೊಂಡಿರು, ನಾನು ಊಟ ಮಾಡಿ ಬರ್ತೀನಿ’ ಅಂತ ಯಾರೂ ಹೇಳಲ್ಲ. ಯಂತ್ರಕ್ಕೆ ಮಾತ್ರ ನಾವು ಹಾಗೆ ಹೇಳ್ತೀವಿ.

ಎತ್ತೋ ಯಂತ್ರಗಳಲ್ಲಿ ಹಳೆಯದು ಸ್ಕ್ರೂ ಜಾಕ್. 13ನೇ ಶತಮಾನದ ಫ್ರಾನ್ಸಿನ ವಿಯಾರ್ ದ ಒನ್‌ಕೂರ್ ಎಂಬಾತನ ಚಿತ್ರಪುಸ್ತಕದಲ್ಲಿ ಭಾರ ಎತ್ತೋ ದೊಡ್ಡ ಸ್ಕ್ರೂವಿನ ಚಿತ್ರ ಇದೆ. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲೂ ಜಾಕ್‌ಗಳಿವೆ. ಸ್ಕ್ರೂವಿಗೆ ಒಂದು ದೊಡ್ಡ ಗುಣ ಇದೆ. ನೀವು ತಿರುಗಿಸಿದರೆ ಮಾತ್ರ ಅದು ಏರುತ್ತೆ, ಇಳಿಯುತ್ತೆ. ಮೇಲಿನ ಭಾರ ಎಷ್ಟೇ ಒತ್ತಲಿ, ಎಳೆಗಳ ನಡುವಿನ ಘರ್ಷಣೆ ಅದನ್ನ ತಾನಾಗಿ ತಿರುಗೋಕೆ ಬಿಡಲ್ಲ.

ಈ ಗುಣವನ್ನ ನಂಬಿಕೊಂಡು ಅಮೆರಿಕದ ಶಿಕಾಗೋ ನಗರ ತನ್ನನ್ನೇ ಎತ್ತಿಕೊಂಡಿತು. ಅದು ಕೆರೆಯ ದಂಡೆಯ ಕೆಸರಿನ ಮೇಲೆ ಬೆಳೆದ ಊರು. ಚರಂಡಿ ನೀರು ಹರಿಯೋಕೆ ಇಳಿಜಾರೇ ಇಲ್ಲ. 1850ರ ದಶಕದಲ್ಲಿ ಹೊಸ ಚರಂಡಿ ಹಾಕಿ ಅದರ ಮೇಲೆ ರಸ್ತೆ ಎತ್ತರಿಸಿದಾಗ, ಅಕ್ಕಪಕ್ಕದ ಕಟ್ಟಡಗಳೆಲ್ಲ ಗುಂಡಿಯಲ್ಲಿ ಉಳಿದವು. ಸರಿ, ಕಟ್ಟಡಗಳನ್ನೇ ಎತ್ತೋಣ ಅಂದರು. 1860ರಲ್ಲಿ ಲೇಕ್ ಸ್ಟ್ರೀಟಿನಲ್ಲಿ 320 ಅಡಿ ಉದ್ದದ, ನಾಲ್ಕೈದು ಮಹಡಿಯ ಕಲ್ಲು-ಇಟ್ಟಿಗೆ ಕಟ್ಟಡಗಳ ಸಾಲನ್ನ 600 ಜನ, 6,000 ಸ್ಕ್ರೂ ಜಾಕ್ ಇಟ್ಟು, 5 ದಿನದಲ್ಲಿ 4 ಅಡಿ 8 ಇಂಚು ಎತ್ತಿದರು. ಒಳಗಿನ ಅಂಗಡಿಗಳು ವ್ಯಾಪಾರ ನಿಲ್ಲಿಸಲಿಲ್ಲ. ನಮ್ಮ ಬೆಂಗಳೂರಿನಲ್ಲೂ ರಸ್ತೆಗೆ ಮೇಲಿಂದ ಮೇಲೆ ಟಾರು ಹಾಕಿ ಮನೆ ತಗ್ಗಾದಾಗ, ಜಾಕ್ ಕೊಟ್ಟು ಮನೆ ಎತ್ತಿಸೋರನ್ನ ಕರೆಸ್ತಾರಲ್ಲ, ಅದೇ ಕಾರಣ, ಅದೇ ಉಪಾಯ.

ಆದರೆ ಒಂದು ಗಮನಿಸಿ. ಶಿಕಾಗೋದಲ್ಲಿ ಎತ್ತಿದ್ದು ಆ 6,000 ಜಾಕ್. ಆಮೇಲೆ ಕಟ್ಟಡವನ್ನ ಹೊತ್ತಿದ್ದು ಅದರಡಿ ಹೊಸದಾಗಿ ಕಟ್ಟಿದ ಪಾಯದ ಗೋಡೆ. ಗೋಡೆ ಬಂದ ಮೇಲೆ ಜಾಕ್‌ಗಳು ಹೊರಗೆ ಬಂದವು. ‘ಜಾಕ್ ಗಟ್ಟಿಯಾಗಿದೆ, ಹಾಗೇ ಇರಲಿ ಬಿಡಿ’ ಅಂತ ಬಿಟ್ಟು ಹೋಗಲಿಲ್ಲ.

ಇನ್ನು ಎರಡನೇ ಬಗೆ, ಹೈಡ್ರಾಲಿಕ್. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತೆ ಅಂತ 17ನೇ ಶತಮಾನದಲ್ಲಿ ಪಾಸ್ಕಲ್ ತೋರಿಸಿದ. 1 ಸೆಂಟಿಮೀಟರ್ ವ್ಯಾಸದ ಪಿಸ್ಟನ್ ಒತ್ತಿ 4 ಸೆಂಟಿಮೀಟರ್ ವ್ಯಾಸದ ಪಿಸ್ಟನ್ ಎತ್ತಿದರೆ ಬಲ 16 ಪಟ್ಟು. ಪಿಯುಸಿಯಲ್ಲಿ ಓದಿರ್ತೀರಿ. ಅದನ್ನ ಯಂತ್ರವಾಗಿಸಿ 1795ರಲ್ಲಿ ಪೇಟೆಂಟ್ ಪಡೆದದ್ದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಸಿದ್ಧಾಂತ ಸುಲಭ, ಕಷ್ಟ ಇದ್ದದ್ದು ಸೋರಿಕೆಯಲ್ಲಿ. ಒತ್ತಡ ಹೆಚ್ಚಿದಂತೆ ಪಿಸ್ಟನ್ನಿನ ಪಕ್ಕದಿಂದ ನೀರು ಚಿಮ್ಮುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯಾಗೋ ಚರ್ಮದ ಸೀಲ್ ಮಾಡಿ ಅದನ್ನ ಬಗೆಹರಿಸಿದ ಕೀರ್ತಿ ಬ್ರಾಮಾನ ವರ್ಕ್‌ಶಾಪಿನಲ್ಲಿದ್ದ ಹೆನ್ರಿ ಮಾಡ್ಸ್ಲೆಗೆ ಸಲ್ಲುತ್ತೆ. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಇದನ್ನ ಹೊತ್ತೊಯ್ಯಬಹುದಾದ ಜಾಕ್ ಆಗಿಸಿ ಪೇಟೆಂಟ್ ಪಡೆದ. ಇವತ್ತಿನ ಲಾರಿಯವರ ಬಾಟಲ್ ಜಾಕ್, ಗ್ಯಾರೇಜಿನ ಟ್ರಾಲಿ ಜಾಕ್, ಎಲ್ಲ ಇದೇ ಕುಟುಂಬ.

ಅಂದರೆ ಟ್ರಾಲಿ ಜಾಕ್ ಮೇಲೆ ನಿಂತ ಒಂದು ಟನ್ ಕಾರು ನಿಜಕ್ಕೂ ನಿಂತಿರೋದು ಒಂದಿಷ್ಟು ಎಣ್ಣೆಯ ಮೇಲೆ. ಆ ಎಣ್ಣೆಯನ್ನ ತಡೆದಿರೋದು ಬೆರಳುಂಗುರದಷ್ಟು ದಪ್ಪದ ಒಂದೆರಡು ರಬ್ಬರ್ ಸೀಲ್, ಒಂದು ಪುಟ್ಟ ವಾಲ್ವ್. ಸೀಲ್ ಹಳತಾಗಿರಬಹುದು, ವಾಲ್ವಿನಲ್ಲಿ ಒಂದು ಕಸ ಕೂತಿರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ.

ಈಗ ಮತ್ತೆ ವೇಲ್ಸ್‌ಗೆ ಬರೋಣ, ಈ ಸಲ ಉತ್ತರದ ತುದಿಗೆ. ಅಲ್ಲಿ ಆಂಗ್ಲೆಸೀ ದ್ವೀಪಕ್ಕೂ ನಾಡಿಗೂ ನಡುವೆ ಮೆನೈ ಜಲಸಂಧಿ ಇದೆ. 1840ರ ದಶಕದಲ್ಲಿ ಅದರ ಮೇಲೆ ರೈಲು ದಾಟಿಸೋ ಕೆಲಸ ರಾಬರ್ಟ್ ಸ್ಟೀಫನ್‌ಸನ್‌ಗೆ ಬಿತ್ತು. ರೈಲ್ವೆಯ ಪಿತಾಮಹ ಅನ್ನಿಸಿಕೊಂಡ ಜಾರ್ಜ್ ಸ್ಟೀಫನ್‌ಸನ್‌ನ ಮಗ. ಹಡಗುಗಳ ಪಟಗಂಬಕ್ಕೆ ತಾಗಬಾರದು, ಕಟ್ಟೋವಾಗ ಸಾರುವೆ ಹಾಕಿ ನೀರಿನ ದಾರಿ ಮುಚ್ಚಬಾರದು ಅಂತ ನೌಕಾಪಡೆಯ ಷರತ್ತು. ಅವನು ಕಂಡುಕೊಂಡ ದಾರಿ ವಿಚಿತ್ರವಾಗಿತ್ತು. ಕಬ್ಬಿಣದ ತಗಡಿನಿಂದ ಸುಮಾರು 460 ಅಡಿ ಉದ್ದದ, ಚೌಕಾಕಾರದ ದೈತ್ಯ ಕೊಳವೆಗಳನ್ನ ದಡದಲ್ಲೇ ಕಟ್ಟೋದು. ಅದನ್ನ ದೋಣಿಗಳ ಮೇಲೆ ತೇಲಿಸಿ ಕಲ್ಲಿನ ಗೋಪುರಗಳ ನಡುವೆ ತರೋದು. ಆಮೇಲೆ ಗೋಪುರದ ತಲೆಯ ಮೇಲಿಟ್ಟ ಹೈಡ್ರಾಲಿಕ್ ಪ್ರೆಸ್‌ಗಳಿಂದ ಸರಪಳಿ ಕಟ್ಟಿ ಸುಮಾರು 100 ಅಡಿ ಮೇಲಕ್ಕೆ ಎಳೆಯೋದು. ರೈಲು ಆ ಕೊಳವೆಯ ಒಳಗೇ ಓಡಬೇಕು. ಒಂದೊಂದು ಕೊಳವೆಯ ತೂಕ 1,500 ಟನ್ನಿಗೂ ಹೆಚ್ಚು.

ಇದಕ್ಕೆ ಎರಡು ವರ್ಷ ಮೊದಲು, 1847ರ ಮೇ ತಿಂಗಳಲ್ಲಿ, ಚೆಸ್ಟರ್ ಹತ್ತಿರ ಡೀ ನದಿಯ ಮೇಲೆ ಸ್ಟೀಫನ್‌ಸನ್ನೇ ವಿನ್ಯಾಸ ಮಾಡಿದ್ದ ಬೀಡು ಕಬ್ಬಿಣದ ಸೇತುವೆ ರೈಲು ಹೋಗ್ತಿರುವಾಗಲೇ ಮುರಿದು ಐದು ಜನ ಸತ್ತಿದ್ದರು. ಅಂಥ ನೆನಪು ಹೊತ್ತ ಮನುಷ್ಯ ಮೆನೈಯಲ್ಲಿ ಒಂದು ಕಟ್ಟುನಿಟ್ಟು ಮಾಡಿದ. ಕೊಳವೆ ಮೇಲೇರಿದ ಹಾಗೆಲ್ಲ ಅದರ ಎರಡೂ ತುದಿಯ ಕೆಳಗೆ ತಕ್ಷಣ ಮರದ ಹಲಗೆ ತುಂಬಬೇಕು, ಹಿಂದೆಯೇ ಗಾರೆಯವರು ಗೋಡೆ ಕಟ್ಟಿಕೊಂಡು ಬರಬೇಕು. ಪ್ರೆಸ್ ಎಷ್ಟೇ ಗಟ್ಟಿ ಇರಲಿ, ಕೊಳವೆ ಪ್ರೆಸ್ಸಿನ ಮೇಲೊಂದೇ ನೇತಾಡಬಾರದು.

1849ರ ಆಗಸ್ಟ್‌ನಲ್ಲಿ, ಕೊಳವೆ ಮೇಲೇರುತ್ತಿದ್ದಾಗ ಒಂದು ಪ್ರೆಸ್ಸಿನ ಸಿಲಿಂಡರಿನ ತಳವೇ ಒಡೆದು ಕಳಚಿತು. ಮುನ್ಸೂಚನೆ ಇಲ್ಲ, ಸದ್ದಿಲ್ಲ. ಕೊಳವೆ ಬಿತ್ತು. ಬಿದ್ದದ್ದು ಕೆಲವೇ ಇಂಚು, ಕೆಳಗಿದ್ದ ಹಲಗೆಗಳ ಮೇಲೆ. ಪೆಟ್ಟಾಯ್ತು, ರಿಪೇರಿ ಮಾಡಿದರು, ಮತ್ತೆ ಎತ್ತಿದರು. 1850ರ ಮಾರ್ಚ್‌ನಲ್ಲಿ ಬ್ರಿಟಾನಿಯಾ ಸೇತುವೆಯೊಳಗೆ ರೈಲು ಓಡಿತು. ಆ ಹಲಗೆ ಇಲ್ಲದಿದ್ದರೆ ಇಡೀ ಕೊಳವೆ ಜಲಸಂಧಿಯ ತಳದಲ್ಲಿರುತ್ತಿತ್ತು.

ನನ್ನ ಪ್ರಕಾರ ಜಾಕ್ ಸ್ಟ್ಯಾಂಡ್ ಅನ್ನೋದು ಆ ಹಲಗೆಯ ಕಬ್ಬಿಣದ ಮೊಮ್ಮಗ. ಒಂದೇ ದೇಶದ ಎರಡು ತುದಿಯಿಂದ ಎರಡು ಪಾಠ ಹೊರಟವು. ಲನೆಲ್ಲಿಯ ಪಾಠ, ‘ಬೇಗ ಎತ್ತು, ಬೇಗ ಇಳಿಸು, ಹೊರಡು’. ಮೆನೈ ಪಾಠ, ‘ಎತ್ತಿದ್ದನ್ನ ಎತ್ತಿದವನ ಕೈಯಲ್ಲೇ ಬಿಡಬೇಡ’. ಕಾರು ನಮ್ಮ ಮನೆಗೆ ಬಂದಾಗ ಡಿಕ್ಕಿಯಲ್ಲಿ ಮೊದಲನೆಯದು ಮಾತ್ರ ಇತ್ತು.

ಇದರ ಬೆಲೆ ತೆರೋದು ಯಾರು ಅನ್ನೋದು ನನಗೆ ಹೊಳೆದದ್ದು ಒಂದು ರಸ್ತೆಬದಿ ಗ್ಯಾರೇಜಿನಲ್ಲಿ. ನನ್ನ ಸ್ಕೂಟರ್ ಕೆಲಸಕ್ಕೆ ಹೋಗಿದ್ದೆ. ಪಕ್ಕದಲ್ಲಿ ಒಂದು ಹ್ಯಾಚ್‌ಬ್ಯಾಕ್, ಮುಂದಿನ ಭಾಗ ಬರೀ ಟ್ರಾಲಿ ಜಾಕ್ ಮೇಲೆ. ಕೆಳಗಿನಿಂದ ಎರಡು ಕಾಲು ಕಾಣ್ತಿತ್ತು, ಹದಿನೆಂಟರ ಆಸುಪಾಸಿನ ಹುಡುಗನದ್ದು. ನಾನು ಓನರ್‌ಗೆ ಹೇಳಿದೆ, “ಅಣ್ಣಾ, ಸ್ಟ್ಯಾಂಡ್ ಕೊಡಬಾರದಾ?” ಅವರು ನಕ್ಕರು. “ಹತ್ತು ನಿಮಿಷದ ಕೆಲಸ ಸಾರ್. ಸ್ಟ್ಯಾಂಡ್ ಹಾಕಿ ತೆಗೆಯೋದೇ ಹತ್ತು ನಿಮಿಷ.”

“ಸ್ಟ್ಯಾಂಡ್ ಇದೆಯಾ?”

“ಐತಲ್ಲ, ನೀವು ಕೂತಿರೋದೇ ಅದರ ಮೇಲೆ.”

ಎರಡು ಸ್ಟ್ಯಾಂಡ್ ಮೇಲೆ ಹಲಗೆ ಹಾಕಿ ಗಿರಾಕಿಗಳಿಗೆ ಬೆಂಚ್ ಮಾಡಿದ್ದರು. ನಾನು ಎದ್ದು ನಿಂತೆ. ಅವರು ಒಂದು ಕ್ಷಣ ನನ್ನನ್ನ ನೋಡಿದರು, ಆಮೇಲೆ, “ಲೇ, ಹೊರಗೆ ಬಾರೋ” ಅಂದರು. ಹುಡುಗ ಬಂದು, ಏನೂ ಕೇಳದೆ ಹಲಗೆ ತೆಗೆದು ಸ್ಟ್ಯಾಂಡ್ ಎತ್ತಿಕೊಂಡು ಹೋದ.

ಆ ಓನರ್ ಕೆಟ್ಟವರೇನಲ್ಲ. ‘ಹತ್ತು ನಿಮಿಷದ ಕೆಲಸ’ ಅನ್ನೋ ಲೆಕ್ಕ ನಮ್ಮೆಲ್ಲರ ತಲೆಯಲ್ಲೂ ಇದೆ. ಆ ಲೆಕ್ಕ ಎರಡು ಕಡೆ ತಪ್ಪುತ್ತೆ. ಒಂದು, ಸೀಲ್ ಒಡೆಯೋಕೆ ಹತ್ತು ನಿಮಿಷ ಬೇಕಾಗಿಲ್ಲ. ಎರಡು, ಸುಮ್ಮನೆ ನಿಂತ ಕಾರಿಗಿಂತ, ಕೆಳಗೆ ಮಲಗಿ ಬಿಗಿಯಾದ ನಟ್ಟಿಗೆ ಸ್ಪ್ಯಾನರ್ ಹಾಕಿ ಜೋರಾಗಿ ಎಳೆದಾಗಲೇ ಕಾರು ಅಲುಗೋದು. ಅಂದರೆ ಅಪಾಯ ಹೆಚ್ಚೋದು ಸರಿಯಾಗಿ ನೀವು ಕೆಳಗಿದ್ದಾಗ. ಸ್ಟೀಫನ್‌ಸನ್ ಕೂಡ ಹಲಗೆ ತುಂಬಿಸಿದ್ದು ಸಂಜೆ ಕೆಲಸ ಮುಗಿದ ಮೇಲಲ್ಲ, ಪ್ರತಿ ಏರಿಕೆಯ ಜೊತೆಜೊತೆಗೇ.

ಸರಿ, ಮನೆಯಲ್ಲಿ ಹೇಗೆ? ನಾನು ಮಾಡೋ ಕ್ರಮ ಹೇಳ್ತೀನಿ. ಒಂದೊಂದರ ಹಿಂದೆಯೂ ಮೇಲಿನ ಕಥೆಯೇ ಇದೆ.

ನೆಲ ಸಮತಟ್ಟಾಗಿ, ಗಟ್ಟಿಯಾಗಿರಬೇಕು. ಕಾಂಕ್ರೀಟ್ ಆದರೆ ಒಳ್ಳೇದು. ಬೇಸ್‌ಮೆಂಟಿನ ರ‍್ಯಾಂಪ್, ಅಲುಗಾಡೋ ಇಂಟರ್‌ಲಾಕ್ ಕಲ್ಲು, ಮಣ್ಣು, ಬಿಸಿಲಿಗೆ ಮೆತ್ತಗಾದ ಟಾರು ಬೇಡವೇ ಬೇಡ. ಮೊದಲು ಹ್ಯಾಂಡ್‌ಬ್ರೇಕ್ ಎಳೀರಿ, ಗೇರಿನಲ್ಲಿ ಬಿಡಿ, ಆಟೊಮ್ಯಾಟಿಕ್ ಆದರೆ ಪಾರ್ಕ್. ಆಮೇಲೆ ನೆಲದ ಮೇಲೇ ಉಳಿಯೋ ಚಕ್ರಗಳಿಗೆ ಹಿಂದೆ ಮುಂದೆ ಬೆಣೆ ಕೊಡಿ. ತೇರು ಎಳೆಯೋವಾಗ ಗಾಲಿಗೆ ಸನ್ನೆ ಕೊಡ್ತಾರಲ್ಲ, ಅದೇ ಕೆಲಸ. ಇದನ್ನ ಹಿಂಬದಿ ಎತ್ತೋವಾಗ ಮರೆಯಲೇಬಾರದು. ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ. ಅವೇ ಗಾಳಿಯಲ್ಲಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಚಕ್ರ ಬಿಚ್ಚೋದಿದ್ದರೆ, ಎತ್ತೋ ಮೊದಲೇ ನಟ್ಟುಗಳನ್ನ ಸ್ವಲ್ಪ ಸಡಿಲ ಮಾಡಿ. ಜೋರು ಹಾಕೋ ಕೆಲಸ ಏನಿದ್ದರೂ ನಾಲ್ಕೂ ಚಕ್ರ ನೆಲದ ಮೇಲಿರುವಾಗ ಮುಗಿಯಲಿ.

ಜಾಕ್ ಎಲ್ಲಿ ಕೊಡಬೇಕು, ಸ್ಟ್ಯಾಂಡ್ ಎಲ್ಲಿ ಕೊಡಬೇಕು ಅನ್ನೋದನ್ನ ಓನರ್ಸ್ ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳಿ. ಹೆಚ್ಚಿನ ಕಾರುಗಳಲ್ಲಿ ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ, ಚಕ್ರದ ಹತ್ತಿರ, ಗುರುತಿಗೆ ಎರಡು ಕಚ್ಚು ಇರುತ್ತೆ. ಅವುಗಳ ನಡುವಿನ ಜಾಗ ಭಾರ ತಡೆಯೋಕೇ ಬಲಪಡಿಸಿದ್ದು. ಆಯಿಲ್ ಚೇಂಬರ್, ಗೇರ್‌ಬಾಕ್ಸ್, ಬರೀ ಫ್ಲೋರ್ ತಗಡು, ಇವಕ್ಕೆ ಜಾಕ್ ತಾಗಿಸಬೇಡಿ. ಎರಡು ಸ್ಟ್ಯಾಂಡ್ ಕೊಡೋದಿದ್ದರೆ ಟ್ರಾಲಿ ಜಾಕನ್ನ ಮ್ಯಾನ್ಯುಯಲ್ ತೋರಿಸೋ ನಡುವಿನ ಗಟ್ಟಿ ಜಾಗಕ್ಕೆ ಕೊಟ್ಟು, ಎರಡೂ ಪಕ್ಕದ ಕಚ್ಚಿನ ಕೆಳಗೆ ಸ್ಟ್ಯಾಂಡ್ ಇಡೋದು ಸಲೀಸು. ನಿಧಾನವಾಗಿ ಎತ್ತಿ. ಟ್ರಾಲಿ ಜಾಕಿನ ತೋಳು ಕಮಾನಿನ ದಾರಿಯಲ್ಲಿ ಏರುತ್ತೆ, ಹಾಗಾಗಿ ಅದರ ಗಾಲಿಗಳು ನೆಲದಲ್ಲಿ ಸರಿಯೋಕೆ ಅಡ್ಡಿ ಇರಬಾರದು.

ಸ್ಟ್ಯಾಂಡ್‌ಗಳನ್ನ ಎರಡೂ ಕಡೆ ಒಂದೇ ಎತ್ತರಕ್ಕೆ ಇಡಿ. ಹಲ್ಲು ಪೂರ್ತಿ ಕಚ್ಚಿದೆಯಾ, ಪಿನ್ ಇದ್ದರೆ ಪೂರ್ತಿ ಒಳಗೆ ಹೋಗಿದೆಯಾ, ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ. ಆಮೇಲೆ ಜಾಕ್ ಮೆಲ್ಲಗೆ ಇಳಿಸಿ, ಭಾರ ಸ್ಟ್ಯಾಂಡ್ ಮೇಲೆ ಕೂರಲಿ. ಕೆಳಗೆ ಹೋಗೋ ಮೊದಲು ಹೊರಗೆ ನಿಂತು ಎರಡೂ ಕೈಯಲ್ಲಿ ಕಾರನ್ನ ಜೋರಾಗಿ ತಳ್ಳಿ, ಅಲ್ಲಾಡಿಸಿ. ಬೀಳೋದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮಾತ್ರ ಯಾವತ್ತೂ ಬೇಡ. ಹೆದ್ದಾರಿ ಪಕ್ಕ ಕೆಟ್ಟು ನಿಂತ ಲಾರಿಗಳ ಕೆಳಗೆ ನೋಡಿ ನೋಡಿ ನಮಗೆ ಅದು ಸಹಜ ಅನ್ನಿಸಿಬಿಟ್ಟಿದೆ. ಮರ ಮುರಿಯೋ ಮೊದಲು ಸಾಮಾನ್ಯವಾಗಿ ತಗ್ಗುತ್ತೆ, ಕಿರುಗುಟ್ಟುತ್ತೆ. ಹಾಲೋ ಬ್ಲಾಕಿನ ಒಂದು ಅಂಚಿನ ಮೇಲೆ ಕಾರಿನ ಭಾರ ಕೂತರೆ ಅದು ಹಾಗೇನೂ ಹೇಳಲ್ಲ, ಒಮ್ಮೆಗೇ ಪುಡಿಯಾಗುತ್ತೆ. ಸ್ಟೀಫನ್‌ಸನ್ ಪ್ರೆಸ್ಸಿನ ಬೀಡು ಕಬ್ಬಿಣ ಒಡೆದ ರೀತಿಯೂ ಹೀಗೇ.

ಹಾಗಂತ ಸ್ಟ್ಯಾಂಡ್ ದೇವರೇನಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೇಟ್ ಕಂಪನಿ ತನ್ನ ಲಕ್ಷಗಟ್ಟಲೆ ಜಾಕ್ ಸ್ಟ್ಯಾಂಡ್‌ಗಳನ್ನ ವಾಪಸ್ ಕರೆಸಿಕೊಳ್ಳಬೇಕಾಯ್ತು. ಕೆಲವು ಸ್ಟ್ಯಾಂಡ್‌ಗಳಲ್ಲಿ ಹಲ್ಲು ಸರಿಯಾಗಿ ಕಚ್ಚದೆ, ಭಾರ ಅಲುಗಿದಾಗ ಜಾರಿಬಿಡೋ ಸಾಧ್ಯತೆ ಇತ್ತು. ಬದಲಿಗೆ ಕೊಟ್ಟ ಸ್ಟ್ಯಾಂಡ್‌ಗಳಲ್ಲೂ ಕೆಲವಕ್ಕೆ ವೆಲ್ಡಿಂಗ್ ದೋಷ ಕಾಣಿಸಿ ಮತ್ತೆ ವಾಪಸ್ ಕರೆಸಿದರು. ಅದಕ್ಕೇ ನಾನು ಸ್ಟ್ಯಾಂಡ್ ಒಂದನ್ನೇ ನಂಬಲ್ಲ. ಬಿಚ್ಚಿದ ಚಕ್ರವನ್ನ ಕಾರಿನ ಅಂಚಿನ ಕೆಳಗೆ ಅಡ್ಡ ಮಲಗಿಸ್ತೀನಿ, ಚಕ್ರ ಬಿಚ್ಚದಿದ್ದರೆ ಸ್ಟೆಪ್ನಿಯನ್ನ. ಜಾಕನ್ನೂ ಹೊರಗೆ ತೆಗೆಯಲ್ಲ, ಭಾರ ಇಲ್ಲದೆ ಸುಮ್ಮನೆ ತಾಗಿಕೊಂಡಿರೋ ಹಾಗೆ ಬಿಡ್ತೀನಿ. ಮನೆಯಲ್ಲಿ ಒಬ್ಬರಿಗೆ ಹೇಳಿಯೇ ಕೆಳಗೆ ಹೋಗೋದು. ಸ್ಟ್ಯಾಂಡ್ ಮೇಲೆ ಎಷ್ಟು ಟನ್ ಅಂತ ಬರೆದಿರುತ್ತೆ. ಅದು ಒಂದಕ್ಕಾ, ಜೊತೆಗಾ ಅನ್ನೋದನ್ನ ಕೊಳ್ಳೋವಾಗಲೇ ಓದಿಕೊಳ್ಳಿ.

ಮುಗಿದ ಮೇಲೆ ಎಲ್ಲವೂ ಉಲ್ಟಾ ಕ್ರಮದಲ್ಲಿ. ಕೆಳಗೆ ಪಾನ, ಬಟ್ಟೆ, ಪಕ್ಕದ ಮನೆ ಬೆಕ್ಕು ಏನೂ ಇಲ್ಲ ಅಂತ ನೋಡಿ, ಜಾಕಿನಿಂದ ಸ್ವಲ್ಪ ಎತ್ತಿ, ಸ್ಟ್ಯಾಂಡ್ ತೆಗೆದು, ನಿಧಾನವಾಗಿ ಇಳಿಸಿ. ನಟ್ಟುಗಳನ್ನ ಪೂರ್ತಿ ಬಿಗಿಯೋದು ಚಕ್ರ ನೆಲ ಮುಟ್ಟಿದ ಮೇಲೆ.

ಒಂದು ಜೊತೆ ಒಳ್ಳೆ ಸ್ಟ್ಯಾಂಡ್‌ಗೆ ಸಾಮಾನ್ಯವಾಗಿ ಒಂದು ಹೊಸ ಟೈರಿನಷ್ಟೂ ದುಡ್ಡಾಗಲ್ಲ. ಮುಂದಿನ ಎರಡೂ ಚಕ್ರ ಎತ್ತಿ ಕೂರಿಸೋಕೆ ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ಆಯಿಲ್ ಬದಲಿಸೋಕೆ ಹಿಡಿಯೋದೂ ಅಷ್ಟೇ ಹೊತ್ತು. ಗ್ಯಾರೇಜಿನ ಓನರ್ ಲೆಕ್ಕ ಸರಿಯಾಗೇ ಇತ್ತು ನೋಡಿ, ಸ್ಟ್ಯಾಂಡ್ ಹಾಕೋದು ಕೆಲಸದಷ್ಟೇ ಸಮಯ ತಗೊಳ್ಳುತ್ತೆ. ಅದೂ ಕೆಲಸದ ಭಾಗ ಅಂತ ಸೇರಿಸಿಕೊಳ್ಳಬೇಕು ಅಷ್ಟೇ.

ಇನ್ನೊಂದು ಮಾತು. ಬ್ರಿಟಾನಿಯಾ ಸೇತುವೆಯ ಆ ಕೊಳವೆಗಳು ಈಗಿಲ್ಲ. 1970ರಲ್ಲಿ ಬೆಂಕಿ ಬಿದ್ದು ಹಾಳಾದವು. ಆದರೆ ಕಲ್ಲಿನ ಗೋಪುರಗಳು ಹಾಗೇ ಇವೆ. ಅವುಗಳ ನಡುವೆ ಉಕ್ಕಿನ ಕಮಾನು ಕೊಟ್ಟು ಸೇತುವೆಯನ್ನ ಮತ್ತೆ ಕಟ್ಟಿದರು. ಇವತ್ತು ಅಲ್ಲಿ ಕೆಳಗೆ ರೈಲು ಓಡುತ್ತೆ, ಮೇಲೆ ಕಾರುಗಳು.